ಟ್ಯೂಬಿನ ಮೇಲಿನ ಹೆಸರು

ಜುಲೈ ೮, ಸೋಮವಾರ

ಗೌರಿಬಿದನೂರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಹುದ್ದೆಗೆ ಇವತ್ತು ಮಾದರಿ ಪಾಠ ಮಾಡಿದೆ. ಮಾಡಿದೆ ಎನ್ನುವುದು ಸುಳ್ಳು. ಹಲಗೆಯ ಮೇಲೆ 'ರಗಳೆ' ಎಂದು ಬರೆದೆ, ತಿರುಗಿ ನಿಂತೆ, ಆಮೇಲೆ ಏನು ಹೇಳಬೇಕೆಂದು ಹೊಳೆಯಲಿಲ್ಲ. ಎಂ.ಎ. ಓದುವಾಗ ನನ್ನ ಪ್ರಬಂಧದ ವಿಷಯವೇ ಅದು. ಬಾಯಿಗೆ ಬಂದ ನಾಲ್ಕು ಮಾತೂ ಗೊಗ್ಗರು ದನಿಯಲ್ಲಿ ಬಂದವು. ಸಮಿತಿಯವರೊಬ್ಬರು "ಶೀತಾನಾಮ್ಮ?" ಎಂದು ಕೇಳಿದರು. ಪಕ್ಕದಲ್ಲಿದ್ದವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಕ್ಕರು. ಮೊದಲೇ ಯಾರನ್ನೋ ಆರಿಸಿಕೊಂಡು ಕೂತಿದ್ದರು, ಇದರಲ್ಲಿ ನನಗೆ ಸಂಶಯವಿಲ್ಲ.

ಮನೆಗೆ ಬಂದರೆ ಅತ್ತಿಗೆ ಬಾಗಿಲಲ್ಲೇ ಹಿಡಿದಳು. "ಪದ್ದಮ್ಮ, ಇಲ್ಲಿ ಬಾ, ಬೆಳಕಿಗೆ ನಿಂತ್ಕೊ. ಮುಖ ಯಾಕೆ ಹಿಂಗೆ ಬಾತುಕೊಂಡಿದೆ?"

"ನಿದ್ದೆ ಸಾಲದು."

"ಹಗಲೂ ರಾತ್ರಿ ಮಲಗೋರಿಗೆ ನಿದ್ದೆ ಸಾಲ್ತಿಲ್ವಾ? ಕೂದಲು ಬೇರೆ. ಬೆಳಿಗ್ಗೆ ಬಚ್ಚಲಲ್ಲಿ ಇಲಿ ಸತ್ತಿದೆ ಅನ್ಕೊಂಡು ಕಿರುಚಿದ್ದೆ, ನೋಡಿದ್ರೆ ನಿನ್ನ ಕೂದಲು. ಥೈರಾಯ್ಡ್ ಟೆಸ್ಟ್ ಮಾಡಿಸಣ ನಡಿ."

ಅತ್ತಿಗೆಯ ಹೆಸರು ಭಾನುಪ್ರಿಯಾ. ಚಿಂತಾಮಣಿಯವಳು. ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಲ್ಯಾಬಿನವರಿಗೆ ಎದುರು ಬಂದವರೆಲ್ಲ ಸೂಜಿ ಚುಚ್ಚಬೇಕಾದ ಕೈಗಳಾಗಿ ಕಾಣುತ್ತಾರೇನೋ. ಆಳು ತಂದುಕೊಟ್ಟವರಿಗೆ ಕಮಿಷನ್ ಉಂಟೆಂದು ಕೇಳಿದ್ದೇನೆ.

ಅಮ್ಮ ಒಳಗಿನಿಂದಲೇ ಹೇಳಿದಳು: "ಜ್ವರಕ್ಕೆ ಕೂತ ಹುಳದ ಥರ ಕೂತಿದಾಳೆ, ಅಷ್ಟೇ. ತಾನೇ ಏಳ್ತಾಳೆ ಬಿಡಮ್ಮ."

ರೇಷ್ಮೆಹುಳು ಪೊರೆ ಬಿಡುವ ಮುಂಚೆ ಎಲೆ ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಎದ್ದಮೇಲೆ ಎರಡರಷ್ಟು ತಿನ್ನುತ್ತದೆ. ಅಮ್ಮ ನನ್ನನ್ನು ಯಾವಾಗಲೂ ಹುಳುವಿಗೇ ಹೋಲಿಸುವುದು. ಇವತ್ತು ಮಾತ್ರ ಸಮಾಧಾನವಾಯಿತು.

ಜುಲೈ ೧೦

ರಕ್ತ ಕೊಟ್ಟೆ. ಅತ್ತಿಗೆ ಮೊದಲು ಟ್ಯೂಬು ತುಂಬಿಸಿ ಆಮೇಲೆ ಹೆಸರು ಬರೆಯುತ್ತಾಳೆ! ಅದೇ ಸ್ಟ್ಯಾಂಡಿನಲ್ಲಿ ಮುನಿಶಾಮಮ್ಮ ಎಂಬ ಅರವತ್ತೆಂಟರ ಮುದುಕಿಯ ಟ್ಯೂಬು ನಿಂತಿತ್ತು. ಎರಡೂ ಒಂದೇ ಬಣ್ಣ.

"ಈಗಲೇ ಹೆಸರು ಬರೀರಿ ಅತ್ತಿಗೆ."

"ಬರೀತೀನಿ ತಲ್ಲೀ, ಮೊದಲು ಹತ್ತಿ ಒತ್ತಿ ಹಿಡ್ಕೊ. ರಕ್ತ ತಗೊಂಡ ಮೇಲೆ, ಪೇಷಂಟ್ ಎದುರಿಗೇ ಬರೀಬೇಕು. ರೂಲು."

'ಪದ್ಮಶ್ರೀ ಎಂ., ೨೪, ಸ್ತ್ರೀ' ಎಂದು ಬರೆದಳು. ಟ್ಯೂಬು ಸ್ಟ್ಯಾಂಡಿನಲ್ಲಿ ಕೂರುವ ತನಕ ಕಣ್ಣು ಕದಲಿಸಲಿಲ್ಲ. ಆಮೇಲೆ ಏನು ಮಾಡಿದಳೋ ದೇವರೇ ಬಲ್ಲ.

ಜುಲೈ ೧೧

ವರದಿ ಬಂತು. ಟಿಎಸ್‌ಹೆಚ್ ೬೪.೨. ನಾಲ್ಕು ದಾಟಬಾರದಂತೆ. ಅದರ ಕೆಳಗೆ ಫ್ರೀ ಟಿ-ಫೋರ್ ೦.೩೮. ಅದು ಕನಿಷ್ಠ ೦.೮ ಇರಬೇಕಂತೆ. ಒಂದೇ ಗ್ರಂಥಿಯ ಬಗ್ಗೆ ಎರಡು ಸಾಕ್ಷಿಗಳು. ಒಂದು ಆಕಾಶ ತೋರಿಸುತ್ತದೆ, ಇನ್ನೊಂದು ಪಾತಾಳ. ಹೀಗಾದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂದೇ ಅರ್ಥ. ಅಥವಾ ಈ ರಕ್ತ ಮುನಿಶಾಮಮ್ಮನದು.

ಜುಲೈ ೧೫, ಸೋಮವಾರ

ಚಿಕ್ಕಬಳ್ಳಾಪುರದಲ್ಲಿ ಡಾಕ್ಟರಿಗೆ ತೋರಿಸಿದೆವು. ನಡುವಯಸ್ಸಿನ ಹೆಂಗಸು, ಚೂಡಿದಾರದ ಮೇಲೆ ಬಿಳಿ ಕೋಟು. ವರದಿಯನ್ನು ಒಮ್ಮೆ, ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನನ್ನ ಎರಡು ಸಾಕ್ಷಿಗಳ ಅನುಮಾನ ಹೇಳಿಬಿಟ್ಟೆ. ಹೇಗೆ ಧೈರ್ಯ ಬಂತೋ.

ನಗಲಿಲ್ಲ. "ಎರಡೂ ನಿಜಾನೇ ಹೇಳ್ತಿವೆ. ಟಿ-ಫೋರ್ ಅನ್ನೋದು ಥೈರಾಯ್ಡ್ ಮಾಡೋ ಹಾರ್ಮೋನು. ಮೈ ಬಿಸಿ, ಎದೆ ಬಡಿತ, ಕೂದಲು, ನೆನಪು, ಎಲ್ಲಕ್ಕೂ ಅದು ಬೇಕು. ಟಿಎಸ್‌ಹೆಚ್ ಅಲ್ಲಿಂದ ಬರೋದಲ್ಲ. ಮೆದುಳಿನ ಕೆಳಗಿರೋ ಗ್ರಂಥಿ 'ಮಾಡೇ, ಮಾಡೇ' ಅಂತ ಥೈರಾಯ್ಡ್‌ಗೆ ಹಾಕೋ ಕೂಗು ಅದು. ಕೆಲಸ ಆಗದಿದ್ರೆ ಕೂಗು ಜೋರಾಗುತ್ತೆ. ಅರವತ್ತನಾಲ್ಕು ಅಂದ್ರೆ ಗಂಟಲು ಹರಿಯೋ ಹಾಗೆ ಕೂಗ್ತಿದೆ."

ಮೂರನೆಯ ಸಂಖ್ಯೆಯೊಂದಿತ್ತು, ಆಂಟಿಬಾಡಿಯದು. ಅದೂ ಬಹಳ ಹೆಚ್ಚು. "ಇದೇ ಕಾರಣ. ನಿಮ್ಮ ದೇಹ ಕಾವಲಿಗೆ ಇಟ್ಕೊಂಡಿರೋ ಪಡೆ ಮನೆಯವರನ್ನೇ ಕಳ್ಳರು ಅಂದ್ಕೊಂಡು ಹೊಡೀತಿದೆ."

ಅತ್ತಿಗೆ ನನ್ನ ಕಡೆ ನೋಡಿದಳು. ಯಾಕೆ ನೋಡಿದಳೋ.

ಬೇರೆ ದಾರಿಗಳಿಲ್ಲವೇ ಎಂದೆ. ಇವೆ ಎಂದರು. ಹಿಂದೆ ಪ್ರಾಣಿಗಳ ಗ್ರಂಥಿಯನ್ನು ಒಣಗಿಸಿ ಪುಡಿ ಮಾಡಿ ಕೊಡುತ್ತಿದ್ದರಂತೆ. ಒಂದೊಂದು ಸಲ ಒಂದೊಂದು ಪ್ರಮಾಣ ಬರುತ್ತದೆಂದು ಈಗ ಯಾರೂ ಬರೆಯುವುದಿಲ್ಲ. ಟಿ-ತ್ರೀ ಎಂಬ ಇನ್ನೊಂದನ್ನು ಜೊತೆಗೆ ಸೇರಿಸುವುದುಂಟು, ಅದು ಎಲ್ಲೋ ಕೆಲವರಿಗೆ. ಉಳಿದವರಿಗೆಲ್ಲ ಒಂದೇ ಮಾತ್ರೆ, ಲೀವೋಥೈರಾಕ್ಸಿನ್. "ನಿಮ್ಮ ಗ್ರಂಥಿ ಮಾಡದೇ ಬಿಟ್ಟಿದ್ದನ್ನೇ ಹೊರಗಿಂದ ತುಂಬೋದು. ಬೆಳಿಗ್ಗೆ ಖಾಲಿ ಹೊಟ್ಟೆ, ಬರೀ ನೀರು. ಒಂದು ಗಂಟೆ ಕಾಫಿ ಇಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಏನಾದ್ರೂ ಇದ್ರೆ ನಾಲ್ಕು ಗಂಟೆ ದೂರ."

"ಎಷ್ಟು ದಿನ?"

"ಹೆಚ್ಚು ಕಮ್ಮಿ ಜೀವನಪೂರ್ತಿ."

ಜೀವನಪೂರ್ತಿ ಗಿರಾಕಿ! ಮಾತ್ರೆಯ ಬಾಟಲಿಯನ್ನು ಅತ್ತಿಗೆಯೇ ತಂದಳು, ಅವಳ ಲ್ಯಾಬಿನ ಪಕ್ಕದ ಅಂಗಡಿಯಿಂದ. ಅದನ್ನೂ ಇಲ್ಲಿ ಬರೆದಿಡುತ್ತೇನೆ.

ಜುಲೈ ೨೮, ಭಾನುವಾರ

ಇವತ್ತು ಹಿಪ್ಪುನೇರಳೆ ತೋಟದ ಕೊನೆಯ ತನಕ ನಡೆದೆ. ಬಾವಿಯ ಕಟ್ಟೆಯ ಮೇಲೆ ಕೂತು, ಆ ದಿನ ಗೌರಿಬಿದನೂರಿನಲ್ಲಿ ಹೇಳಬೇಕಿದ್ದ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಮೈನಾಗಳಿಗೆ ಹೇಳಿದೆ. ಪೂರ್ತಿ ನೆನಪಿತ್ತು. ಮೈನಾಗಳು ಕಿಟಕಿಯ ಕಡೆ ತಿರುಗಿ ನಗಲಿಲ್ಲ.

ಹುಳುಮನೆಯಲ್ಲಿ ಗಡಿಬಿಡಿ. ಅಪ್ಪ ಈ ಸಲ ಯಾರದೋ ಮಾತು ಕೇಳಿ ಹಾರ್ಮೋನ್ ದ್ರಾವಣ ತಂದಿದ್ದರು. ಕೊನೆಯ ಹಂತದಲ್ಲಿ ಸೊಪ್ಪಿನ ಮೇಲೆ ಚಿಮುಕಿಸಿದರೆ ಹಿಂದು ಮುಂದಾಗಿರುವ ಹುಳುಗಳೆಲ್ಲ ಒಟ್ಟಿಗೆ ಹಣ್ಣಾಗಿ ಗೂಡು ಕಟ್ಟಲು ಶುರುಮಾಡುತ್ತವೆ. ನಿನ್ನೆ ಚಿಮುಕಿಸಿದ್ದರು. ಇವತ್ತು ಹುಳುಗಳೆಲ್ಲ ಮೈ ಹಳದಿಯಾಗಿ, ಎಲೆ ಬಿಟ್ಟು, ತಲೆ ಆಡಿಸುತ್ತ ಗೂಡಿನ ಜಾಗ ಹುಡುಕುತ್ತಿದ್ದವು. ಅಪ್ಪನಿಗೆ ಖುಷಿಯೋ ಖುಷಿ. ನಾವೆಲ್ಲ ಹುಳ ಆರಿಸಿ ಚಂದ್ರಂಕಿಗಳ ಮೇಲೆ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿಗಳ ಮೇಲೆ, ಬಿಟ್ಟೆವು. ನಾನೂ ಮಾಡಿದೆ, ಸುಸ್ತಾಗಲಿಲ್ಲ. ಮಧ್ಯಾಹ್ನ ಮಾತ್ರ ಎದೆ ಸ್ವಲ್ಪ ಡವಗುಟ್ಟಿತು, ಅರ್ಧ ಮುದ್ದೆ ಬಿಟ್ಟು ಎದ್ದೆ.

ಅಮ್ಮ ತಟ್ಟೆ ನೋಡುತ್ತ ಕೇಳಿದಳು: "ಆ ಮಾತ್ರೆ ಒಳಗೆ ಏನಿರುತ್ತಮ್ಮ?"

"ಹಾರ್ಮೋನ್ ಅಮ್ಮ."

"ಹಾರ್ಮೋನಾ?"

"ಹೂಂ."

"ಹಾರ್ಮೋನೇನಾ?" ಎಂದು ಇನ್ನೊಮ್ಮೆ ಕೇಳಿ ತಟ್ಟೆ ತೆಗೆದುಕೊಂಡು ಹೋದಳು. ಅಮ್ಮನಿಗೆ ಕಿವಿ ಮಂದವಾಗುತ್ತಿದೆಯೋ ಏನೋ.

ಆಗಸ್ಟ್ ೧೧

ಮತ್ತೆ ನಿದ್ದೆ. ಅತ್ತಿಗೆ ನನ್ನ ಮಾತ್ರೆಯ ಬಾಟಲಿಯನ್ನು ಕಿಟಕಿಗೆ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದಳು. ನನ್ನನ್ನು ಕಂಡು ಇಟ್ಟುಬಿಟ್ಟಳು. "ತಗೋತಿದ್ದೀಯಾ?" ಎಂದಳು. ಕಳ್ಳ ಸಿಕ್ಕಿಬಿದ್ದರೆ ಮೊದಲು ಪ್ರಶ್ನೆ ಕೇಳುತ್ತಾನೆ.

ಆಗಸ್ಟ್ ೧೯

ಚಳಿ. ಅಪ್ಪ ಬನಿಯನ್ನಿನಲ್ಲಿ ಓಡಾಡುತ್ತಾರೆ, ನಾನು ಸ್ವೆಟರಿನಲ್ಲಿ. ನಾನಿರುವ ಕೋಣೆಯ ಫ್ಯಾನನ್ನು ಯಾರೋ ಬೇಕೆಂದೇ ಹಾಕಿ ಹೋಗುತ್ತಾರೆ.

ಆಗಸ್ಟ್ ೨೮

ರಕ್ತ ಕೊಟ್ಟೆ. ಹೆಸರು ಬರೆದದ್ದನ್ನು ನೋಡಿದೆ. ಆಮೇಲೂ ಹೊರಗಿನ ಬೆಂಚಿನಲ್ಲಿ ಕೂತು ಗಾಜಿನಿಂದ ನೋಡಿದೆ. ಅತ್ತಿಗೆ ಒಂದು ಸಲ ಟ್ಯೂಬನ್ನು ತಲೆಕೆಳಗೆ ಮಾಡಿದಳು. ಯಾಕೆ?

ಆಗಸ್ಟ್ ೩೦, ಶುಕ್ರವಾರ

ಟಿಎಸ್‌ಹೆಚ್ ೭೧. ಮಾತ್ರೆ ನುಂಗಿ ಹೆಚ್ಚಾಗಿದೆ!

ಡಾಕ್ಟರು ಕಾಫಿಯ ಬಗ್ಗೆ ಕೇಳಿದರು. ಇಲ್ಲ ಎಂದೆ. ಕ್ಯಾಲ್ಸಿಯಂ? ಇಲ್ಲ. ಪೆನ್ನು ಕೆಳಗಿಟ್ಟು, "ನಿಜ ಹೇಳಮ್ಮ, ಮಾತ್ರೆ ನುಂಗ್ತಿದ್ದೀಯಾ?" ಎಂದರು. ಕಣ್ಣಲ್ಲಿ ನೀರು ಬಂತು. ಹೌದೆಂದು ತಲೆ ಆಡಿಸಿದೆ. ಅವರು ಡೋಸು ಹೆಚ್ಚಿಸಲಿಲ್ಲ. "ಮೊದಲು ಈಗ ಬರೆದಿರೋದು ಹೊಟ್ಟೆಗೆ ಹೋಗ್ತಿದೆಯಾ ನೋಡಣ. ಮುಂದಿನ ಸಲ ಬಾಟಲಿ ತಗೊಂಡು ಬಾ."

ಬಸ್ಸು ಇಳಿಯುವಷ್ಟರಲ್ಲಿ ನನಗೆ ಎಲ್ಲವೂ ತಿಳಿದಂತಾಗಿತ್ತು. ರಕ್ತ ತೆಗೆಯುವವಳು ಇವಳು, ವರದಿ ತರುವವಳು ಇವಳು, ಮಾತ್ರೆ ಕೊಳ್ಳುವವಳು ಇವಳು. ಸರಪಳಿಯ ಪ್ರತಿ ಕೊಂಡಿಯ ಮೇಲೂ ಒಂದೇ ಬೆರಳಗುರುತು.

ಸೆಪ್ಟೆಂಬರ್ ೨, ಸೋಮವಾರ

ಮಾತ್ರೆ ಬಾಯಿಗೆ ಹಾಕಿಕೊಂಡು ನೋಡಿದರೆ ಲೋಟದಲ್ಲಿ ನೀರಿಲ್ಲ. ಅಡುಗೆಮನೆಗೆ ಹೋಗಿ ನೀರು ಬಗ್ಗಿಸಿಕೊಳ್ಳುವಷ್ಟರಲ್ಲಿ ನಾಲಿಗೆಯ ಮೇಲೆ ಕರಗಿತು. ಸಿಹಿ! ಇನ್ನೊಂದನ್ನು ತೆಗೆದು ನೆಕ್ಕಿದೆ. ಅದೂ ಸಿಹಿ. ಮೊದಲ ವಾರ ನುಂಗಿದ್ದಕ್ಕೆ ರುಚಿಯೇ ಇರಲಿಲ್ಲ, ಚೆನ್ನಾಗಿ ನೆನಪಿದೆ.

ನಾನು ಜೋರಾಗಿ ಮಾತಾಡುವವಳಲ್ಲ. ಇವತ್ತು ಮಾತಾಡಿದೆ. ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ಅತ್ತಿಗೆಯ ಎದುರು ಬಾಟಲಿ ಹಿಡಿದು, "ಏನು ತುಂಬಿಸಿದ್ದೀರ ಇದರಲ್ಲಿ?" ಎಂದೆ. ಅಣ್ಣ ಹರಿಕೃಷ್ಣ ಡೇರಿಯಿಂದ ಬಂದು ಹಾಲಿನ ಕ್ಯಾನು ಇಳಿಸುತ್ತಿದ್ದ. ಹಾಗೇ ನಿಂತ. ಅಪ್ಪ ಸೊಪ್ಪಿನ ಹೊರೆ ಹೊತ್ತೇ ನಿಂತರು. ಅಮ್ಮ ಬಾಗಿಲಲ್ಲಿ.

ಅತ್ತಿಗೆ ಒಂದು ಮಾತ್ರೆ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಮುಖ ಬದಲಾಯಿತು. "ಇದು ನಾನು ತಂದಿದ್ದಲ್ಲ."

"ನೀವಲ್ಲದೆ ಇನ್ನ್ಯಾರು ತಂದ್ರು? ನನ್ನನ್ನ ರೋಗಿ ಅಂತ ಮೂಲೆಗೆ ಕೂರಿಸಿದ್ರೆ ನಿಮಗೇನು ಸಿಗುತ್ತೆ? ರಕ್ತವೂ ನಿಮ್ಮ ಕೈಯಲ್ಲಿ, ಮಾತ್ರೆಯೂ ನಿಮ್ಮ ಕೈಯಲ್ಲಿ..."

"ಪದ್ಮಾ!" ಎಂದು ಅಣ್ಣ ಗದರಿದ.

"ಹೇಳಲಿ ಬಿಡ್ರಿ. ಇನ್ನೂ ಏನೇನಿದೆ ಒಳಗೆ, ಎಲ್ಲ ಹೇಳಲಿ," ಎಂದಳು ಅತ್ತಿಗೆ.

ನನ್ನಲ್ಲಿ ಇನ್ನೂ ಇತ್ತು. ಎಲ್ಲ ಹೇಳಿದೆ. ಇಲ್ಲಿ ಬರೆಯಲಾರೆ. ಅಮ್ಮ ಮಾತ್ರ "ಹುಳಕ್ಕೆ ಸೊಪ್ಪು ಹಾಕೋ ಹೊತ್ತಾಯ್ತು" ಎಂದು ಹುಳುಮನೆಗೆ ಹೋಗಿಬಿಟ್ಟಳು.

ಸೆಪ್ಟೆಂಬರ್ ೪

ಗೌರಿ ಹಬ್ಬಕ್ಕೆ ತವರಿಗೆ ಎಂದು ಹೇಳಿ ಅತ್ತಿಗೆ ಚಿಂತಾಮಣಿಗೆ ಹೋದಳು. ಅಕ್ಕಪಕ್ಕದವರಿಗೆ ಹೇಳಲು ಹಬ್ಬ ಒದಗಿತು. ಬ್ಯಾಗು ದೊಡ್ಡದಿತ್ತು. ಹಬ್ಬಕ್ಕೆ ಯಾರೂ ಸ್ವೆಟರು ತೆಗೆದುಕೊಂಡು ಹೋಗುವುದಿಲ್ಲ.

ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮಾತ್ರೆ ಬಿಟ್ಟಿದ್ದೇನೆ. ಸತ್ಯ ಗೆದ್ದಮೇಲೆ ಹೀಗೆ ಮನೆ ಖಾಲಿ ಅನ್ನಿಸಬೇಕೇ?

ಸೆಪ್ಟೆಂಬರ್ ೮, ಭಾನುವಾರ

ಈ ಬೆಳೆಯ ಹುಳುಗಳೂ ಹಣ್ಣಾಗುವ ಹೊತ್ತು. ಬೆಳಿಗ್ಗೆ ಅಪ್ಪ ಬಕೆಟ್ಟಿನಲ್ಲಿ ಹಾರ್ಮೋನು ಕಲಸುತ್ತಿದ್ದರು. ನಾನು ಹುಳುಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಅಮ್ಮ ಹುಳುವಿನ ತಟ್ಟೆಗಳಿಗೆ ಅಡ್ಡ ನಿಂತಳು.

"ಈ ಸಲ ಬೇಡ."

"ಯಾಕೆ ರಾಮಲಕ್ಷ್ಮಮ್ಮ? ಹೋದ ಸಲ ಎಲ್ಲ ಒಟ್ಟಿಗೆ ಗೂಡು ಕಟ್ಟಿದ್ವಲ್ಲ, ಕೆಲಸ ಹಗುರಾಯ್ತಲ್ಲ?"

"ಅದಕ್ಕೇ ಬೇಡ. ಇನ್ನೂ ತಿನ್ನೋ ಆಸೆ ಇದ್ದ ಹುಳ, ಅದನ್ನ ಚಿಮುಕಿಸಿದ ಮೇಲೆ ಎಲೆ ಕಡೆ ತಿರುಗೂ ನೋಡಲಿಲ್ಲ. ಮೈಯೆಲ್ಲ ಡವಡವ ಆಡಿಸ್ಕೊಂಡು ಗೂಡೊಳಕ್ಕೆ ಹೋದ್ವು. ಇವಳೂ ಅವತ್ತೇ ಅರ್ಧ ಮುದ್ದೆ ಬಿಟ್ಟು ಎದ್ದಳು..."

ಅಲ್ಲಿಗೆ ನಿಲ್ಲಿಸಿದಳು. ಸೊಪ್ಪು ನನ್ನ ಕೈಯಲ್ಲೇ ಉಳಿಯಿತು.

"ಅಮ್ಮ, ನನ್ನ ಮಾತ್ರೆ ಎಲ್ಲಿ?"

ಅವಳು ಕೈ ತೊಳೆದುಕೊಂಡು ದೇವರ ಗೂಡಿನ ಹತ್ತಿರ ಹೋದಳು. ಕುಂಕುಮದ ದೊಡ್ಡ ಭರಣಿಯನ್ನು ತಂದು ನನ್ನ ಮಡಿಲಿಗೆ ಹಾಕಿದಳು. ಒಳಗೆ ಕಾಗದದ ಪೊಟ್ಟಣ, ಪೊಟ್ಟಣದಲ್ಲಿ ನನ್ನ ಮಾತ್ರೆಗಳು. ಬಾಟಲಿಗೆ ತುಂಬಿಸಿದ್ದು, ತನ್ನ ಮಂಡಿನೋವಿಗೆಂದು ಯಾವಾಗಲೋ ತಂದಿದ್ದ ಹೋಮಿಯೋಪತಿ ಗುಳಿಗೆ. ಅದೇ ಬಿಳುಪು, ಅದೇ ಚಪ್ಪಟೆ.

"ಎಸೆಯಕ್ಕೆ ಕೈ ಬರಲಿಲ್ಲ ಕಣಮ್ಮ. ಔಷಧಿ ಅಲ್ವಾ."

"ನಾನು ಅತ್ತಿಗೆ ಮೇಲೆ ಕೂಗಾಡುವಾಗ ನೀನು ಅಲ್ಲೇ ಇದ್ದೆ."

"ಇದ್ದೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಮತ್ತೆ ಅದನ್ನೇ ನುಂಗ್ತೀಯ. ಭಾನು ಹೋದ್ರೆ ಕರ್ಕೊಂಡು ಬರಬೌದು. ಗೂಡೊಳಕ್ಕೆ ಹೋದ ಹುಳ ವಾಪಸ್ ಬರುತ್ತಾ?"

ಅಪ್ಪ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಎಂತ ಪನಿ ಚೇಸಾವೇ!" ಎಂಥ ಕೆಲಸ ಮಾಡಿದೆಯೇ ಎಂದು ತೆಲುಗಿನಲ್ಲಿ ಗೊಣಗಿದರು. ಅವರಿಗೆ ಸಿಟ್ಟು ಬರುವುದು ಯಾವಾಗಲೂ ತೆಲುಗಿನಲ್ಲೇ.

ನನಗೂ ಸಿಟ್ಟು ಬರಬೇಕಿತ್ತು. ಅಮ್ಮನ ಪಕ್ಕ ಕೂತು ಹೇಳತೊಡಗಿದೆ. ನನಗೇ ಗೊತ್ತಿದೆಯೆಂದು ಗೊತ್ತಿಲ್ಲದ್ದನ್ನೆಲ್ಲ ಹೇಳಿದೆ. ಹಾರ್ಮೋನು ಎಂದರೆ ಒಂದೇ ವಸ್ತುವಲ್ಲ. ಹುಳಕ್ಕೆ ಹಾಕುವುದು ಅವಸರ. ನಾಡಿದ್ದು ಆಗಬೇಕಾದದ್ದನ್ನು ಇವತ್ತೇ ಆಗಿಸುವುದು. ನನಗೆ ಕೊಡುವುದು ನನ್ನ ಮೈ ದಿನಾ ತಾನೇ ಮಾಡಿಕೊಳ್ಳಬೇಕಾಗಿದ್ದದ್ದು, ಈಗ ಮಾಡಿಕೊಳ್ಳಲಾಗದೆ ಕೂತಿರುವುದು. ಅದು ಬರದಿದ್ದರೆ ಮೆದುಳು ಕೂಗುತ್ತಲೇ ಇರುತ್ತದೆ. ಎದೆ ಡವಗುಟ್ಟಿದ್ದನ್ನು ಡಾಕ್ಟರಿಗೆ ಹೇಳಿದ್ದರೆ ಅವರೇ ಡೋಸು ನೋಡುತ್ತಿದ್ದರು.

ಅಮ್ಮ ಒಂದು ಎಲೆಯನ್ನು ಎತ್ತಿಕೊಂಡು ತಿರುಗಿಸಿ ನೋಡಿದಳು. "ಹಂಗಾದ್ರೆ ಅದು ಎಲೆ ಅನ್ನು."

"ಹೂಂ. ಎಲೆ."

"ಮೊದಲೇ ಎಲೆ ಅಂದಿದ್ರೆ ಏನಾಗ್ತಿತ್ತು ನಿಮ್ಮ ಡಾಕ್ಟ್ರಿಗೆ?"

ಸೆಪ್ಟೆಂಬರ್ ೧೦, ಮಂಗಳವಾರ

ಅಮ್ಮನೂ ನಾನೂ ಚಿಂತಾಮಣಿಗೆ ಹೋದೆವು. ಬಸ್ಸಿನಲ್ಲಿ ಮುರುಗಮಲ್ಲದ ದರ್ಗಾಕ್ಕೆ ಹೊರಟವರು ತುಂಬಿದ್ದರು. ಅಮ್ಮ ಉದ್ದಕ್ಕೂ ಸೆರಗಿನ ತುದಿಯನ್ನು ತಿರುಚುತ್ತ ಕೂತಿದ್ದಳು.

ಅತ್ತಿಗೆಯ ತಾಯಿ ಕೊಂಡಮ್ಮ ಬಾಗಿಲು ತೆರೆದು, ಒಳಗೆ ಬನ್ನಿ ಎನ್ನದೆ ಜರುಗಿ ನಿಂತರು. ಅಮ್ಮ ಚಾಪೆಯ ಮೇಲೂ ಕೂರಲಿಲ್ಲ. "ಗುಳಿಗೆ ಬದಲಾಯಿಸಿದ್ದು ನಾನು ಭಾನಮ್ಮ. ಬೈಯೋದು ಕೇಳಿಸ್ಕೊಂಡೂ ಬಾಯಿ ಬಿಡದೆ ಹೋದವಳೂ ನಾನೇ," ಎಂದಳು. ಬಸ್ಸಿನಲ್ಲಿ ಅದನ್ನೇ ಕಟ್ಟಿಕೊಳ್ಳುತ್ತಿದ್ದಳೆಂದು ಕಾಣುತ್ತದೆ.

ಅತ್ತಿಗೆ ನನ್ನನ್ನೇ ನೋಡುತ್ತಿದ್ದಳು. ತಪ್ಪಾಯಿತು ಎಂದೆ. ಅದೂ ಗೊಗ್ಗರು ದನಿಯಲ್ಲೇ ಬಂತು.

"ನಿಮ್ಮತ್ತೆ ಹುಳದ ಲೆಕ್ಕದಲ್ಲಿ ಯೋಚ್ನೆ ಮಾಡಿದ್ರು, ಆಯ್ತು. ನೀನು ಓದಿದವಳು. ನಾನು ನಿನಗೆ ವಿಷ ಹಾಕ್ತೀನಾ ಪದ್ದಮ್ಮ?"

"ಅತ್ತೆ ಅಲ್ಲ, ಅಮ್ಮ. ಅತ್ತೆ ನಿಂಗೆ," ಎಂದು ಕೊಂಡಮ್ಮ ತಿದ್ದಿದರು. "ಕೋಪದಲ್ಲಿ ನೆಂಟಸ್ತಿಕೆನೂ ಮರೆತಳು ನೋಡಿ."

ಅತ್ತಿಗೆಗೆ ನಗು ಬಂತು. ಬಂದದ್ದಕ್ಕೇ ಇನ್ನಷ್ಟು ಸಿಟ್ಟಾದಳು. "ನಾನೂ ಏನು ಕಮ್ಮಿ ಇಲ್ಲ. ಬಾಟಲಿ ಅಲ್ಲಾಡಿಸಿ ನೋಡ್ತಿದ್ನಲ್ಲ, ಯಾಕೆ ಗೊತ್ತಾ? ನೀನು ದಿನಾ ಮಾತ್ರೆ ಕಿಟಕಿಯಿಂದ ಆಚೆ ಎಸೀತಿದ್ದೀಯ ಅಂತ. ಕಿಟಕಿ ಕೆಳಗೂ ಹುಡುಕಿದೀನಿ."

"ಮನೆಯಾ ನಿಮ್ದು, ಪೊಲೀಸ್ ಸ್ಟೇಷನ್ನಾ?" ಎಂದರು ಕೊಂಡಮ್ಮ. ಕಾಫಿಗೆ ಇಟ್ಟರು.

ಅತ್ತಿಗೆ ನಮ್ಮ ಜೊತೆ ಹೊರಡಲಿಲ್ಲ. "ಬರ್ತೀನಿ. ಇವತ್ತಲ್ಲ," ಎಂದಳು. ಅಮ್ಮ ಜೊತೆಗೆ ತಂದಿದ್ದ ಭರಣಿಯ ಮಾತ್ರೆಗಳನ್ನು ಕಸಕ್ಕೆ ಸುರಿದು, ತಾನೇ ಅಂಗಡಿಗೆ ಹೋಗಿ ಹೊಸ ಬಾಟಲಿ ತಂದು, ಮೊಹರು ಒಡೆಯದೆ ಹಾಗೇ ಕೊಟ್ಟಳು. ಅಷ್ಟು ದೂರ ಕೈ ಚಾಚಿ.

ಸೆಪ್ಟೆಂಬರ್ ೨೯

ಅತ್ತಿಗೆ ಬಂದು ವಾರವಾಯಿತು. ಮೊದಲಿನ ಹಾಗೆ ಹರಟುವುದಿಲ್ಲ. ಬೆಳಿಗ್ಗೆ ಮಾತ್ರೆಯ ಪಕ್ಕ ನೀರು ಇಟ್ಟು ಹೋಗುವವಳು ಅಮ್ಮ. "ಎಲೆ ತಿಂದ್ಯಾ?" ಎಂದು ಹುಳುಮನೆಯಿಂದಲೇ ಕೂಗುತ್ತಾಳೆ. ಇವತ್ತು ಬಚ್ಚಲಿನಿಂದ ಅತ್ತಿಗೆ, "ಪದ್ದಮ್ಮ, ಇಲಿ ಸಣ್ಣದಾಗಿದೆ ಕಣೇ!" ಎಂದು ಕೂಗಿದಳು. ಇಬ್ಬರೂ ಗೋಡೆಯ ಆಚೀಚೆ ನಕ್ಕೆವು.

ಅಕ್ಟೋಬರ್ ೨೪, ಗುರುವಾರ

ಬೆಳಿಗ್ಗೆಯೇ ಫೋನು. ಗೌರಿಬಿದನೂರಿನವರು. ಆಯ್ಕೆಯಾಗಿದ್ದವರು ಬೇರೆ ಕಡೆ ಹೋದರಂತೆ, ಸೋಮವಾರ ಇನ್ನೊಮ್ಮೆ ಬಂದು ಪಾಠ ಮಾಡಿ ಎಂದರು. ಅವತ್ತು ಶೀತಾನಾ ಎಂದು ಕೇಳಿದವರೇ. ಪಾಪ, ಅವರು ನಿಜಕ್ಕೂ ಶೀತವೆಂದೇ ಕೇಳಿದ್ದಿರಬೇಕು.

ಇವತ್ತು ರಕ್ತಪರೀಕ್ಷೆಯೂ ಇತ್ತು. ಅಪ್ಪನ ಜೊತೆ ಶಿಡ್ಲಘಟ್ಟಕ್ಕೆ ಹೋದೆ. ಅವರು ಗೂಡಿನ ಮಾರುಕಟ್ಟೆಗೆ, ನಾನು ಲ್ಯಾಬಿಗೆ. ಅತ್ತಿಗೆ ತೋಳಿಗೆ ಪಟ್ಟಿ ಬಿಗಿಯುತ್ತಿದ್ದಾಗ ಸೋಮವಾರದ ಪಾಠವನ್ನು ಎಲ್ಲಿಂದ ಶುರುಮಾಡುತ್ತೇನೆಂದು ಹೇಳತೊಡಗಿದೆ. ಹಲಗೆಯ ಮೇಲೆ ಏನೂ ಬರೆಯುವುದಿಲ್ಲ, ಮೊದಲು ನಾಲ್ಕು ಸಾಲು ಗಟ್ಟಿಯಾಗಿ ಓದಿಬಿಡುತ್ತೇನೆ, ಮಕ್ಕಳ ಕಾಲು ತಾನಾಗಿ ತಾಳ ಹಾಕಬೇಕು, ಹಾಗೆ.

"ಸ್ವಲ್ಪ ಬಾಯಿ ಮುಚ್ಚೇ, ನರ ಸಿಗ್ತಿಲ್ಲ," ಎಂದಳು ಅತ್ತಿಗೆ.

ಓದಿಯೇ ತೋರಿಸಿದೆ. ಬೆಂಚಿನಲ್ಲಿದ್ದ ಮುದುಕಿಯೊಬ್ಬಳು ಕಾಲಾಡಿಸಿದಳು. ಅತ್ತಿಗೆ ಸೂಜಿ ತೆಗೆದು ಹತ್ತಿ ಇಟ್ಟದ್ದೂ ನನಗೆ ತಿಳಿಯಲಿಲ್ಲ. ವರದಿ ನಾಳೆ.

ಮನೆಗೆ ಬಂದು ಇದನ್ನು ಬರೆಯುವಾಗ ನೆನಪಾಯಿತು: ಟ್ಯೂಬಿನ ಮೇಲೆ ಹೆಸರು ಬರೆದಳೋ ಇಲ್ಲವೋ ನಾನು ನೋಡಲಿಲ್ಲ.

ಬರೆದಿರುತ್ತಾಳೆ. ಅಮ್ಮ ಊಟಕ್ಕೆ ಕೂಗುತ್ತಿದ್ದಾಳೆ. ಹೋಗಬೇಕು, ಹಸಿವು.